ಕೆಮ್ಮಣ್ಣಿನ ಅವರೆ, ನೈರೋಬಿಯ ಬಕೆಟ್ಟು

ಅರಸೀಕೆರೆ

ಆ ವರ್ಷದ ನನ್ನ ಡೈರಿಯಲ್ಲಿ ಗೌರಮ್ಮನವರ ಬಗ್ಗೆ ಇರುವುದು ಒಂದೇ ಸಾಲು: "ಗೌರಮ್ಮ. ಅವರೆ. ಒಂದು ಸೇರು." ಅದರ ಕೆಳಗೆ ಶೂ ಕೊಳ್ಳಬೇಕು, ಫೋಟೋ ತೆಗೆಸಬೇಕು ಎಂದು ಬರೆದುಕೊಂಡಿದ್ದೇನೆ. ಕೀನ್ಯಾಕ್ಕೆ ಹೋಗಿಬಂದ ಕಥೆಯನ್ನು ಊರಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಅದು ನುಣುಪಾಗಿಬಿಟ್ಟಿದೆ. ನನ್ನ ತಪ್ಪುಗಳು ಸವೆದು ಬೇರೆಯವರ ತಪ್ಪುಗಳು ಮಾತ್ರ ಚೂಪಾಗಿ ಉಳಿದಿವೆ. ಅದಕ್ಕೇ ಈ ಸಲ ಡೈರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿ ಸುಮ್ಮನಿರುವ ಕಡೆ ನನ್ನನ್ನು ಪೂರ್ತಿ ನಂಬಬೇಡಿ.

ಆಗ ನಾನು ಬೇಳೆಕಾಳುಗಳ ಒಂದು ಜಂಟಿ ಸಂಶೋಧನಾ ಯೋಜನೆಯಲ್ಲಿ ಸಹಾಯಕಿ. ಮಳೆ ಕಮ್ಮಿ ಇರುವ ಕಡೆಯ ಸಣ್ಣ ರೈತರಿಗೆ ಒಳ್ಳೆಯ ಅವರೆ, ತೊಗರಿ, ಅಲಸಂದೆ ಹುಡುಕುವುದು ಯೋಜನೆಯ ಉದ್ದೇಶ. ನಮ್ಮ ಕಡೆಯ ಅವರೆ ಕೀನ್ಯಾದ ಒಣಭೂಮಿಯಲ್ಲಿ ಹೇಗೆ ಬರುತ್ತದೆ ಎಂದು ಅಲ್ಲಿನವರೊಂದಿಗೆ ಸೇರಿ ಬಿತ್ತಿ ನೋಡಬೇಕಿತ್ತು. ಹನ್ನೆರಡು ಬಗೆಯ ಬೀಜ, ಮೂರು ವಾರದ ಪ್ರವಾಸ. ಹನ್ನೊಂದು ಬಗೆ ಅರಸೀಕೆರೆಯ ನಮ್ಮ ಸಂಶೋಧನಾ ಕೇಂದ್ರದ ಉಗ್ರಾಣದಲ್ಲೇ ಇದ್ದವು. ಹನ್ನೆರಡನೆಯದಕ್ಕೆ ಹಳೇಬೀಡಿನ ಹತ್ತಿರದ ಹಳ್ಳಿಯ ಗೌರಮ್ಮನವರ ಮನೆಗೆ ಹೋದೆ. ಮಳೆ ನಿಂತ ಮೇಲೆ ಬರೀ ಇಬ್ಬನಿ ಕುಡಿದು ಸಂಕ್ರಾಂತಿ ದಾಟುವವರೆಗೂ ಕಾಯಿ ಬಿಡುವ ಅವರೆ ಅವರ ಹೊಲದಲ್ಲಿ ಬಿಟ್ಟರೆ ಬೇರೆಲ್ಲೂ ನಾನು ನೋಡಿರಲಿಲ್ಲ.

ಆ ವರ್ಷ ಅವರ ರಾಗಿ ಹೊಲದ ನಡುವಿನ ಅಕ್ಕಡಿ ಸಾಲುಗಳಲ್ಲಿ ನಮ್ಮ ಕೇಂದ್ರದ ಹೊಸ ತಳಿಯ ಅವರೆ ಬಿತ್ತಿಸಿದ್ದವಳು ನಾನೇ. ಅವರ ಸ್ವಂತ ಬೀಜ ಮಡಕೆಯಲ್ಲಿ ಉಳಿದಿತ್ತು.

"ಇರಾದು ಇಷ್ಟೇ ಕಣವ್ವ," ಎಂದು ಮಡಕೆ ಬಗ್ಗಿಸಿದರು. "ಈ ವರ್ಷ ನಿಮ್ದೇ ಬಿತ್ತಿವ್ನಲ್ಲ, ನಂದು ಸುಮ್ನೆ ಕೂತೈತೆ. ತಗಂಡೋಗು. ಮುಂದ್ಲೊರ್ಷ ಬಿತ್ತೋ ಹೊತ್ಗೆ ನಂಗೆ ವಾಪಸ್ ಬೇಕು. ಇದೇ ಆದ್ರೂ ಸರಿ, ಅಲ್ಲಿ ಬೆಳೆದಿದ್ದಾದ್ರೂ ಸರಿ. ಬೀಜ ಇಸ್ಕಂಡೋರು ಬೀಜಾನೇ ಕೊಡ್ಬೇಕು."

"ತಂದುಕೊಡ್ತೀನಿ ಅಕ್ಕ."

"ಇಮಾನ ಹತ್ತೋರ ಮಾತು, ನಂಬಾನ ಬಿಡು," ಎಂದು ನಕ್ಕರು.

ಅರ್ಧ ಕಿಲೋ ಇಲ್ಲೇ ಉಗ್ರಾಣದಲ್ಲಿಟ್ಟು ಹೋಗುತ್ತೇನೆ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಹೇಳಿದೆನೆಂದೇ ನನ್ನ ನೆನಪು. ಅವರು ತಲೆ ಎತ್ತದೆ ಉತ್ತರ ಕೊಟ್ಟರು: "ಪಟ್ಟೀಲಿ ಒಂದು ಕಿಲೋ ಅಂತಿದೆಯಲ್ಲಮ್ಮ. ಅರ್ಧ ಅಂದ್ರೆ ಪಟ್ಟಿ ತಿದ್ಬೇಕು. ತಿದ್ದಿದ್ರೆ ಮತ್ತೆ ನಾಲ್ಕು ಸಹಿ ಬೇಕು. ಸುಮ್ನೆ ತಗೊಂಡು ಹೋಗು." ನಾನು ಸುಮ್ಮನೆ ತೆಗೆದುಕೊಂಡು ಹೋದೆ. ಆ ಬೀಜ ಇನ್ನೆಲ್ಲೂ ಇಲ್ಲ ಎಂದು ಗೊತ್ತಿದ್ದೂ, ನಾಲ್ಕು ಸಹಿಗೆ ಹೆದರಿ ತೆಗೆದುಕೊಂಡು ಹೋದೆ.

ಬೀಜದ ತಪಾಸಣೆಗೆಂದು ಬೆಂಗಳೂರಿನಲ್ಲಿ ಒಬ್ಬರು ಮೇಲಿನ ಎರಡು ಚೀಲ ಬಿಚ್ಚಿ ನೋಡಿ ಹನ್ನೆರಡಕ್ಕೂ ಮೊಹರು ಒತ್ತಿದರು. "ಮಣ್ಣು ಇಲ್ಲ, ಕೀಟ ಇಲ್ಲ" ಎಂಬ ಸಾಲಿನ ಕೆಳಗೆ ನಾನೂ ರುಜು ಹಾಕಿದೆ. ಗೌರಮ್ಮನವರ ಅವರೆಗೆ ಕೆಮ್ಮಣ್ಣು ಕಟ್ಟಿತ್ತು. ನಮ್ಮ ಕಡೆ ಬೀಜದ ಕಾಳನ್ನು ಕೆಮ್ಮಣ್ಣಿನ ರಾಡಿಯಲ್ಲಿ ಕಲಸಿ ಒಣಗಿಸಿ ಎತ್ತಿಡುತ್ತಾರೆ, ಹುಳ ಬೀಳದಿರಲೆಂದು. ಅದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಹೇಳಲಾರೆ. ಬಿತ್ತು, ಆದರೆ ಮಣ್ಣು ಎಂದು ಅನ್ನಿಸಲೇ ಇಲ್ಲ. ಬೀಜದ ಅವರೆ ಎಂದರೆ ಹುಟ್ಟಿನಿಂದ ನೋಡಿದ ಕೆಂಪು ಅದು.

ಹೊರಡುವ ದಿನ ರೈಲ್ವೆಯಿಂದ ನಿವೃತ್ತರಾದ ಅಪ್ಪ ಅರಸೀಕೆರೆ ಸ್ಟೇಷನ್ನಿಗೆ ಬಂದಿದ್ದರು. ಪೆಟ್ಟಿಗೆಯ ಜಿಪ್ಪು ಮುಚ್ಚಲಿಲ್ಲ. ಅದರ ಮೇಲೆ ಕೂತು ನೋಡಿದೆವು, ಆದರೂ ಆಗಲಿಲ್ಲ. ಕೊನೆಗೆ ಒಂದು ಚೀಲ ಹೊರಗೆ ತೆಗೆಯಬೇಕಾಯಿತು. ಕೈಗೆ ಸಿಕ್ಕಿದ್ದು ಗೌರಮ್ಮನವರದು.

"ಅದನ್ನ ಕೈಚೀಲಕ್ಕೆ ಹಾಕ್ಕೊ," ಎಂದರು ಅಪ್ಪ. "ಜೀವಮಾನ ಪೂರ್ತಿ ಜನರ ಲಗೇಜು ಕಾದಿದೀನಿ. ಪೆಟ್ಟಿಗೇನ ನಂಬಬೇಡ ಮಗಳೆ."

ನೈರೋಬಿ

ಪೆಟ್ಟಿಗೆ ಬರಲಿಲ್ಲ. ಲಗೇಜಿನ ಪಟ್ಟೆ ಖಾಲಿಯಾಗಿ ಸುತ್ತುತ್ತಿತ್ತು. ಕೊನೆಗೆ ಯಾರದೋ ಊರುಗೋಲೊಂದು ಮೂರು ಸುತ್ತು ಬಂತು. ನನ್ನ ಪೆಟ್ಟಿಗೆ ವಿಮಾನ ಬದಲಿಸಿದ ಮುಂಬಯಿಯಲ್ಲೇ ಉಳಿದಿದೆಯೆಂದು, ಇಲ್ಲವೇ ಇನ್ನೆಲ್ಲೋ ಹಾರಿದೆಯೆಂದು ಕೌಂಟರಿನ ಹೆಂಗಸು ಹೇಳಿ "ಪೋಲೆ" ಎಂದಳು.

ಆ ದೇಶದಲ್ಲಿ ನಾನು ಮೊದಲು ಕಲಿತ ಮಾತು ಇದು. ನೀವು ಎಡವಿದರೆ, ಕೆಮ್ಮಿದರೆ, ಟೀ ಚೆಲ್ಲಿಕೊಂಡರೆ, ಪಕ್ಕದಲ್ಲಿ ಯಾರಿದ್ದರೂ "ಪೋಲೆ" ಎನ್ನುತ್ತಾರೆ. ಅಯ್ಯೋ ಪಾಪ ಎಂದ ಹಾಗೆ. ನಮ್ಮಲ್ಲಿ ಎಡವಿದವರಿಗೆ "ಕಣ್ಣು ಕಾಣಲ್ವಾ?" ಎನ್ನುತ್ತೇವೆ. ಮೊದಲ ದಿನ ಆ ಮರುಕ ಹಿತವಾಗಿತ್ತು. ಮೂರನೆಯ ದಿನದ ಹೊತ್ತಿಗೆ, ಒಬ್ಬರಾದರೂ ಬೈದು ಕೆಲಸ ಮಾಡಿಕೊಡಬಾರದೇ ಎನ್ನಿಸತೊಡಗಿತು.

ಮುಂದಿನ ಮೇಜು ಸಸ್ಯ ತಪಾಸಣೆಯದು. ಅಧಿಕಾರಿ ಕನ್ನಡಕ ಹಾಕಿಕೊಂಡಿದ್ದ ತೆಳ್ಳನೆಯ ಮನುಷ್ಯ. ನನ್ನನ್ನು ಕರೆದೊಯ್ಯಲು ಬಂದಿದ್ದ ಅಲ್ಲಿನ ಸಂಶೋಧಕಿ ಮ್ವೆಂಡೆ ನನ್ನ ಪಕ್ಕದಲ್ಲಿ ನಿಂತಿದ್ದಳು. ನನ್ನಷ್ಟೇ ವಯಸ್ಸು, ಗಟ್ಟಿ ದನಿ. ಅಧಿಕಾರಿ ಪತ್ರ ಓದಿ, ಚೀಲ ಬಿಚ್ಚಿ, ಒಂದು ಕಾಳನ್ನು ಬೆರಳಲ್ಲಿ ಉಜ್ಜಿದ. ಬೆರಳು ಕೆಂಪಾಯಿತು. ಆ ಬೆರಳನ್ನು ನನ್ನ ರುಜುವಿನ ಪಕ್ಕ ಒತ್ತಿದ.

"ಇದು ಏನು?"

"ಬೀಜಕ್ಕೆ ಹಚ್ಚಿದ್ದು."

"ಏನು ಹಚ್ಚಿದ್ದು?"

ಹೇಳಲು ಬಾಯಿ ತೆರೆದಾಗಲೇ ನನಗೆ ಹೊಳೆದದ್ದು. "ಮಣ್ಣು," ಎಂದೆ.

"ನೀವು ಮಣ್ಣು ಇಲ್ಲ ಎಂದು ಸಹಿ ಮಾಡಿದ್ದೀರಿ."

"ಇದು ಆ ಥರದ ಮಣ್ಣಲ್ಲ," ಎಂದೆ. ನಾನು ಓದಿದ್ದೆಲ್ಲ ಆ ಒಂದು ವಾಕ್ಯದಲ್ಲಿ ನೀರಾಯಿತು.

ಆತ ಒರಟನಲ್ಲ. ಹೊರದೇಶದ ಮಣ್ಣಿನಲ್ಲಿ ಬರುವ ರೋಗ ನಮ್ಮ ರೈತರ ಹೊಲಕ್ಕೆ ಹೋದರೆ ಯಾರು ಹೊಣೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕಾಗದದ ಪ್ರಕಾರ ಚೀಲವನ್ನು ಸುಡಬೇಕು. ಮೇಲಿನವರನ್ನು ಕೇಳುವವರೆಗೆ ಬೀರುವಿನಲ್ಲಿ ಇಟ್ಟಿರುತ್ತೇನೆ, ಹತ್ತು ದಿನ, ಎಂದ. ಬೀರುವಿನ ಬಾಗಿಲು ಹಾಕಿ ಬೀಗ ತಿರುಗಿಸಿದ. ಗೌರಮ್ಮನವರ ಬೀಜ ಪೂರ್ತಿ ಅದರೊಳಗಿತ್ತು.

"ಪೋಲೆ," ಎಂದಳು ಮ್ವೆಂಡೆ.

"ದಯವಿಟ್ಟು ಹಾಗೆ ಅನ್ನಬೇಡ," ಎಂದೆ.

ಮಚಾಕೋಸ್ ಕಡೆ

ಬಿತ್ತಬೇಕಿದ್ದ ಹೊಲ ಮಚಾಕೋಸ್ ಊರಿನಿಂದಾಚೆ. ಆ ಕಡೆಗೆ ಹೋಗುವ ಸಣ್ಣ ಬಸ್ಸು ಪೂರ್ತಿ ತುಂಬುವವರೆಗೆ ಹೊರಡುವುದಿಲ್ಲ. ನಮ್ಮ ಕಡೆ ಬಾಣಾವರದ ಖಾಸಗಿ ಬಸ್ಸುಗಳೂ ಹಾಗೆಯೇ. ಆದರೆ ಅಲ್ಲಿ ಡ್ರೈವರು ಆಗಾಗ ಎಂಜಿನ್ ಗುರುಗುಟ್ಟಿಸಿ ಹೊರಟೆವೆಂಬ ಆಸೆಯಾದರೂ ತೋರಿಸುತ್ತಾನೆ. ಇಲ್ಲಿ ಆ ಸುಳ್ಳಿನ ಸಮಾಧಾನವೂ ಇಲ್ಲ. ಜನ ಪೇಪರು ಓದುತ್ತ ತಣ್ಣಗೆ ಕೂತಿರುತ್ತಾರೆ.

ದಾರಿಯಲ್ಲಿ ಕಂಡ ಕೆಂಪು ನೆಲ, ಕುರುಚಲು, ಕಲ್ಲುಗುಡ್ಡ ಎಲ್ಲವೂ ನಮ್ಮೂರ ಮಾಲೇಕಲ್ಲಿನ ಬೆಟ್ಟದ ಬುಡದಂತೆಯೇ ಇದ್ದವು. ಇಷ್ಟು ದೂರ ಹಾರಿ ಅರಸೀಕೆರೆಗೇ ಬಂದೆನೇ ಎಂದು ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ನಿನ್ನದು ಯಾವ ಚರ್ಚು?" ಎಂದು ಕೇಳಿದಳು. ಅಲ್ಲಿ ಎಲ್ಲರೂ ಎಲ್ಲರನ್ನೂ ಇದನ್ನೇ ಕೇಳುತ್ತಾರೆ. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧ, ಹಾಗೆಂದೆ. ಆಕೆ ಸ್ವಲ್ಪ ಯೋಚಿಸಿ, ಅದರ ಶಾಖೆ ಮಚಾಕೋಸಿನಲ್ಲಿ ಇರಲಾರದು, ನಮ್ಮ ಚರ್ಚಿಗೇ ಬಾ ಎಂದಳು. ಊರಿನಲ್ಲಿ ಈ ಪ್ರಶ್ನೆ "ನೀವು ಯಾವ ಪೈಕಿ?" ಎಂದು ಬರುತ್ತದೆ. ಉತ್ತರ ಕೇಳಿದ ಮೇಲೆ ಬಾ ಎಂದವರನ್ನು ನಾನು ಹೆಚ್ಚು ಕಂಡಿಲ್ಲ. ಗೌರಮ್ಮನವರ ಗಂಡನೂ ಮೊದಲ ದಿನ ಜಗಲಿಯ ಮೇಲೆ ಕೂತು ಅದನ್ನೇ ಕೇಳಿದ್ದರು. ಗೌರಮ್ಮ ಒಳಗಿನಿಂದ, "ಅವಳು ಅವರೆ ಪೈಕಿ, ಒಳಕ್ಕೆ ಬಾರವ್ವ," ಎಂದು ಕೂಗಿದ್ದರು.

ಹೊಲ ಸಿದ್ಧವಾಗಿತ್ತು. ಅದರ ಒಡತಿ ಮಾಮಾ ಕಲೊಂಡು (ಮಾಮಾ ಎಂದರೆ ಅಲ್ಲಿ ಅಮ್ಮ) ಹನ್ನೆರಡು ಪಾತಿ ಅಗೆದು, ಹನ್ನೆರಡು ಕಡ್ಡಿ ನೆಟ್ಟು ಕಾಯುತ್ತಿದ್ದರು. ನನ್ನ ಕೈ ಕುಲುಕಿದರು. ದನ ಹೇಗಿವೆ, ತಂದೆ ಹೇಗಿದ್ದಾರೆ, ಮಳೆ ಹೇಗೆ ಎಂದು ವಿಚಾರಿಸಿ ಮತ್ತೆ ಕುಲುಕಿದರು. ಆಮೇಲೆ ನನ್ನ ಖಾಲಿ ಕೈಗಳನ್ನು ನೋಡಿದರು.

"ಬೀಜ?"

ಮ್ವೆಂಡೆ ಅವರ ಭಾಷೆಯಲ್ಲಿ ವಿವರಿಸಿದಳು. ನಡುವೆ "ಮಣ್ಣು" ಎಂಬ ಅರ್ಥ ಬರುವಾಗ ನೆಲ ತೋರಿಸಿದಳು. ಮಾಮಾ ಕಲೊಂಡು ಬಗ್ಗಿ ಒಂದು ಹೆಂಟೆ ಎತ್ತಿ, ಮುರಿದು, ನನ್ನನ್ನು ನೋಡಿ ಏನೋ ಅಂದರು. ಸುತ್ತಲಿದ್ದವರೆಲ್ಲ ನಕ್ಕರು.

"ಏನಂದರು?"

"ಮಣ್ಣಿಗೆ ಹಾಕುವ ಬೀಜಕ್ಕೆ ಮಣ್ಣಾಗಿದೆ ಎಂದು ಜೈಲೇ ಎಂದು ಕೇಳುತ್ತಿದ್ದಾರೆ."

ಐದನೆಯ ದಿನ ಮಳೆ ಬಂತು. ಊರಿಗೆ ಊರೇ ಗುದ್ದಲಿ ಹಿಡಿದು ಹೊಲಕ್ಕಿಳಿಯಿತು. ಮಳೆ ಬಂದದ್ದಕ್ಕೆ ಗೊಣಗಿದವಳು ಆ ಸೀಮೆಯಲ್ಲಿ ನಾನೊಬ್ಬಳೇ. ಮಾಮಾ ಕಲೊಂಡು ಎರಡು ದಿನ ಕಾದರು. ಮೂರನೆಯ ದಿನ ನನ್ನ ಹನ್ನೆರಡು ಪಾತಿಗಳಲ್ಲಿ ತಮ್ಮ ಅಲಸಂದೆ ಬಿತ್ತಿಬಿಟ್ಟರು. ನನ್ನ ಮುಖ ನೋಡಿ "ಪೋಲೆ" ಎಂದರು. ಅವರು ಮಾಡಿದ್ದೇ ಸರಿ. ಹಸಿ ಇರುವ ನೆಲವನ್ನು ಯೋಜನೆಯ ಪಟ್ಟಿಗಾಗಿ ಯಾವ ರೈತ ಹೆಂಗಸು ಖಾಲಿ ಬಿಡುತ್ತಾಳೆ?

ಮತ್ತೆ ನೈರೋಬಿ

ಎಂಟನೆಯ ದಿನ ಪೆಟ್ಟಿಗೆ ಸಿಕ್ಕಿತು. ಯಾವುದೋ ಬಿಸಿ ಊರಿನ ಗೋದಾಮಿನಲ್ಲಿ ಕೂತು ಬಂದಿತ್ತು. ತಪಾಸಣೆ ಕೊಠಡಿಯಲ್ಲಿ ಅಧಿಕಾರಿಯ ಎದುರಿಗೇ ತೆರೆದೆ. ನನ್ನ ಸೀರೆಯ ಮಡಿಕೆಗಳಿಂದ ಸಣ್ಣ ಕಂದು ಹುಳಗಳು ಸಾಲಾಗಿ ಹೊರಬಂದವು. ಕೇಂದ್ರದ ಹನ್ನೊಂದು ಚೀಲಗಳಲ್ಲಿ, ತೊಳೆದ ಹಾಗೆ ಸ್ವಚ್ಛವಾಗಿದ್ದ, ಮೊಹರು ಬಿದ್ದ ಹನ್ನೊಂದು ಬಗೆಗಳಲ್ಲಿ, ಉಳಿದಿದ್ದದ್ದು ತೂತು ಕಾಳು ಮತ್ತು ಪುಡಿ. ಹೊರಡುವಾಗಲೇ ಹುಳ ಕಾಳಿನ ಒಳಗಿದ್ದಿರಬೇಕು. ಉಗ್ರಾಣದ ಅಂಗಳದಲ್ಲಿ ಬಿಸಿಲಿಗೆ ಹಾಕಿ ಕೇರಿದ್ದವಳು ನಾನೇ. ಚೆನ್ನಾಗಿ ನೋಡಿದ್ದೆನೇ? ಡೈರಿ ಇಲ್ಲೂ ಸುಮ್ಮನಿದೆ.

ಅಧಿಕಾರಿ ಬೀರು ತೆರೆದು ಗೌರಮ್ಮನವರ ಚೀಲ ತಂದು ಬಿಳಿ ತಟ್ಟೆಗೆ ಸುರಿದ. ಕಡ್ಡಿಯಿಂದ ಕೆದಕಿದ. ಭೂತಗನ್ನಡಿ ಹಿಡಿದ. ಒಂದು ತೂತಿಲ್ಲ, ಒಂದು ಹುಳವಿಲ್ಲ.

"ಯಾರು ಮಾಡಿದ್ದು ಇದನ್ನು?"

"ಒಬ್ಬ ರೈತ ಹೆಂಗಸು. ಇದು ಅವರ ಹತ್ತಿರ ಇದ್ದ ಎಲ್ಲ ಬೀಜ. ಮುಂದಿನ ವರ್ಷ ಬಿತ್ತಲು ವಾಪಸ್ ಕೊಡಬೇಕು."

ಆತ ಕುರ್ಚಿಗೊರಗಿದ. "ನನ್ನ ತಾಯಿ ಬೂದಿ ಹಾಕುತ್ತಿದ್ದಳು," ಎಂದ.

"ಬೂದಿ ಹಾಕಿದ್ದರೆ ಬಿಡುತ್ತಿದ್ದಿರಾ?"

"ಬೂದಿ ಮಣ್ಣಲ್ಲ."

ಮ್ವೆಂಡೆಗೆ ಆಗ ಕೋಪ ಬಂತು. ಕೊನೆಗೂ ಒಬ್ಬರಿಗೆ ಬಂತಲ್ಲ ಎಂದು ನನಗೆ ಸಮಾಧಾನವಾಯಿತು. "ನಿಮ್ಮ ನಿಯಮದಲ್ಲಿ ಮಣ್ಣಿನ ಬೀಜ ಬೇಡ ಎಂದಿದೆ. ತೊಳೆದ ಬೀಜ ಬೇಡ ಎಂದಿದೆಯೇ?" ಎಂದು ಮೇಜಿನ ಮೇಲೆ ಕೈಯೂರಿ ಕೇಳಿದಳು. ಆತ ನಿಯಮದ ಪುಸ್ತಕ ತೆಗೆದು ಬಹಳ ಹೊತ್ತು ಓದಿದ. ಬಳಿಕ ಎದ್ದು ಹೋಗಿ, ಬಚ್ಚಲಿನಿಂದ ಒಂದು ನೀಲಿ ಬಕೆಟ್ಟು ತಂದು ನಮ್ಮ ಮುಂದಿಟ್ಟ.

ಶರತ್ತುಗಳಿದ್ದವು. ಆತನ ಎದುರಿಗೇ ತೊಳೆಯಬೇಕು. ತೊಳೆದ ನೀರನ್ನು ಕುದಿಸಬೇಕು. ಬೀಜ ಹೊಲಕ್ಕೆ ಹೋಗಕೂಡದು. ಕೀಟ ನುಸುಳದಂತೆ ಪರದೆ ಕಟ್ಟಿದ ಮನೆಯಲ್ಲಿ, ಕುಂಡಗಳಲ್ಲಿ ಮಾತ್ರ ಬೆಳೆಯಬೇಕು. ಒಣಭೂಮಿಯ ರೈತರ ಹೊಲದಲ್ಲಿ ಪರೀಕ್ಷೆ ಎಂಬ ನಮ್ಮ ಯೋಜನೆಯ ದೊಡ್ಡ ಮಾತು ಅಲ್ಲಿಗೆ ಮುಗಿಯಿತು. ನಾವಿಬ್ಬರೂ ನೆಲದ ಮೇಲೆ ಕೂತು ಜರಡಿಯಲ್ಲಿ ಕಾಳು ಉಜ್ಜಿದೆವು. ನೀರು ಕೆಂಪಾಯಿತು. ಕುದಿಸುವ ಪಾತ್ರೆಗೆ ಬಗ್ಗಿಸಿದೆವು, ಮತ್ತೆ ತುಂಬಿದೆವು, ಮತ್ತೂ ಕೆಂಪು. ಗೌರಮ್ಮ ಎಷ್ಟು ಮನಸ್ಸಿಟ್ಟು ಕಟ್ಟಿದ್ದರೆಂಬುದು ಬಿಡಿಸುವಾಗ ಗೊತ್ತಾಯಿತು. ಏಳನೆಯ ನೀರಿಗೆ ಅಧಿಕಾರಿ ತನ್ನ ಕೋಟು ಕಳಚಿ, ತೋಳು ಮಡಿಸಿ, ನಮ್ಮ ಪಕ್ಕ ಕುಕ್ಕರಗಾಲಲ್ಲಿ ಕೂತ.

ನೆನೆದ ಬೀಜ ಕಾಯುವುದಿಲ್ಲ. ಉಬ್ಬಿದ್ದನ್ನೆಲ್ಲ ಆ ಸಂಜೆಯೊಳಗೆ ಬಿತ್ತಿದೆವು. ಕುಂಡ ಸಾಲದೆ ಎಣ್ಣೆ ಡಬ್ಬ, ಮುರಿದ ಬಕೆಟ್ಟು, ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿದೆವು. ಆದರೂ ಅರ್ಧಕ್ಕಿಂತ ಹೆಚ್ಚು ಕಾಳು ಮುಗ್ಗಿ ಹಾಳಾಯಿತು. ನಾನು ಹೊರಡುವ ದಿನ ಮೊಳಕೆಗಳು ಎರಡೆಲೆ ಬಿಟ್ಟಿದ್ದವು. ಹೂವು, ಕಾಯಿ ನೋಡಲು ನಾನಿರಲಿಲ್ಲ. "ಕಾಯಿ ಒಣಗಿದ ಮೇಲೆ ನಾನೇ ಬಿಡಿಸುತ್ತೇನೆ," ಎಂದಳು ಮ್ವೆಂಡೆ. ನಾನು ಗೌರಮ್ಮನವರಿಗೆ ಕೊಟ್ಟ ಮಾತಿನಂತೆಯೇ ಅದೂ ಕೇಳಿಸಿತು.

ಬೇಲೂರು

ಊರಿಗೆ ಬಂದವಳು ಮೂರು ತಿಂಗಳು ಹಳೇಬೀಡಿನ ಬಸ್ಸು ಹತ್ತಲಿಲ್ಲ. ಕೆಲಸವಿತ್ತೆಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಅಂಥ ಕೆಲಸವೇನೂ ಇರಲಿಲ್ಲ. ಕೊನೆಗೆ ಹೋದಾಗ ಗೌರಮ್ಮ ಬೈಯಲಿಲ್ಲ. ನಮ್ಮ ಹೊಸ ತಳಿಯ ಬಗ್ಗೆ ಮಾತ್ರ ಹೇಳಿದರು: "ನಿಮ್ದು ಒಟ್ಗೆ ಕಾಯಿ ಬುಡ್ತು, ಒಂದೇ ವಾರಕ್ಕೆ ಮುಗೀತು. ಸೊಗಡೇ ಇಲ್ಲ ಕಣವ್ವ. ದನ ಮೂಸಿ ನೋಡಿ ಮುಂದಕ್ಕೋಯ್ತು." ಆಮೇಲೆ, "ನಂದೆಲ್ಲಿ?" ಎಂದು ಕೇಳಿದರು. ಬರುತ್ತೆ ಅಕ್ಕ ಎಂದೆ.

ಜೂನಿನಲ್ಲಿ ಯೋಜನೆಯ ಸಭೆಗೆಂದು ಮ್ವೆಂಡೆ ಅರಸೀಕೆರೆಗೆ ಬಂದಳು. ಕೈಚೀಲದಲ್ಲಿ ಮೊಹರು ಬಿದ್ದ ಪೊಟ್ಟಣ, ಒಳಗೆ ಕುಂಡಗಳಲ್ಲಿ ಬೆಳೆದ ಅವರೆ. ಹಿಂದಿನ ಅಕ್ಟೋಬರಿನಿಂದ ನಾನು ನೆಮ್ಮದಿಯಾಗಿ ಉಸಿರಾಡಿದ್ದು ಆಗಲೇ. ಮರುದಿನ ನೇರ ಹಳೇಬೀಡಿಗೆ ಹೋಗೋಣವೆಂದರೆ ಮುಖ್ಯಸ್ಥರು ಬಿಡಬೇಕಲ್ಲ! ಹೊರದೇಶದ ಅತಿಥಿ ಬೇಲೂರು ನೋಡದೆ ಹೋಗುವುದುಂಟೆ? ಜೀಪು ಬೇಲೂರಿಗೆ ಹೋಯಿತು. ಮಾರ್ಗದರ್ಶಿ ಒಂದೊಂದು ಶಿಲಾಬಾಲಿಕೆಯ ಮುಂದೆಯೂ ನಿಂತು ಕೋಲು ಎತ್ತಿ ಶುರುಮಾಡಿದ. ನನಗೆ ಯಾವ ಬಾಲಿಕೆಯೂ ಕಾಣಲಿಲ್ಲ, ಆಕಾಶದಲ್ಲಿ ಮೋಡ ಕಾಣುತ್ತಿತ್ತು. ಬಿಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಮುಖ್ಯಸ್ಥರು ಕುಣಿಯುವಂತೆ ಹೆಜ್ಜೆ ಹಾಕಿದಾಗ ಮ್ವೆಂಡೆ ಅವರಿಗೆ "ಪೋಲೆ, ಸರ್" ಎಂದಳು. ಅವರು ಅದನ್ನು ಹೊಗಳಿಕೆ ಎಂದುಕೊಂಡು ಇನ್ನೂ ಎರಡು ಸುತ್ತು ಹಾಕಿಸಿದರು.

ಹಳೇಬೀಡು

ನಾವು ಹಳ್ಳಿ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಗೌರಮ್ಮ ಮ್ವೆಂಡೆಯ ಕೂದಲಿನ ಸಣ್ಣ ಜಡೆಗಳನ್ನು ಮುಟ್ಟಿ ನೋಡಿ, "ಇಷ್ಟು ಹೆಣೆಯಕೆ ಎಷ್ಟೊತ್ತವ್ವ ಕುಂತಿದ್ದೆ?" ಎಂದು ಕನ್ನಡದಲ್ಲೇ ಕೇಳಿದರು. ಮ್ವೆಂಡೆ ಅವರ ಎರಡೂ ಕೈ ಕುಲುಕಿ ತನ್ನ ಭಾಷೆಯಲ್ಲೇ ದನಕರುಗಳ ಯೋಗಕ್ಷೇಮ ಕೇಳಿದಳು. ಇಬ್ಬರಿಗೂ ಉತ್ತರ ಬೇಕಿರಲಿಲ್ಲ.

ಪೊಟ್ಟಣ ಬಿಚ್ಚಿದಳು. ಕಾಳೆಲ್ಲ ಬೂದುಬಣ್ಣ. ಗೌರಮ್ಮ ಮುಖ ಸಿಂಡರಿಸಿದರು. "ಇದೇನಿದು, ಒಲೆ ಬೂದಿ?"

"ಹುಳ ಬೀಳದೆ ಇರ್ಲಿ ಅಂತ ಅಕ್ಕ. ಅವರ ಕಡೆ ಹಂಗೆ."

"ಬೂದಿ ಎಷ್ಟು ದಿನ ತಡೀತದೆ? ಪಾಪ, ಗೊತ್ತಿಲ್ಲ ಅವಳ್ಗೆ." ಒಂದು ಕಾಳನ್ನು ಸೆರಗಿಗೆ ಉಜ್ಜಿ ಹಲ್ಲಿನಲ್ಲಿ ಕಚ್ಚಿದರು. ಜಗಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ನಮ್ದೇ," ಎಂದರು. ಮತ್ತೆ ಮೊರಕ್ಕೆ ಸುರಿದು ಅಂಗೈಯಲ್ಲಿ ಹರಡಿದರು. "ಅರ್ಧ ಸೇರಿಲ್ಲ. ಆಗ್ಲಿ. ನಾಕು ಸಾಲಿಗಾಯ್ತದೆ."

ಆ ವಾರ ಬಿತ್ತುವಂತಿರಲಿಲ್ಲ, ರಾಗಿ ಹೊಲಕ್ಕೆ ಇನ್ನೂ ಹದ ಬಂದಿರಲಿಲ್ಲ. ಅದುವರೆಗೆ ಬೀಜವನ್ನು ಬೂದಿಯಲ್ಲಿ ಬಿಡಲು ಅವರು ಒಪ್ಪಲಿಲ್ಲ. ಬೂದಿ ಕೇರಿ, ಹಿತ್ತಲಿನ ಹೊಂಡದಿಂದ ಕೆಮ್ಮಣ್ಣು ತಂದು, ರಾಡಿ ಮಾಡಿ, ಅಲ್ಲೇ ಕಲಸಲು ಕೂತರು. ಮ್ವೆಂಡೆಯೂ ಬಳೆ ಕಳಚಿಟ್ಟು ಕೈ ಹಾಕಿದಳು. "ಹಿಸುಕಬ್ಯಾಡ, ಸವರು, ಸವರು," ಎಂದು ಗೌರಮ್ಮ ಅವಳ ಮಣಿಕಟ್ಟು ಹಿಡಿದು ತೋರಿಸಿದರು. ಕೆಂಪು ಕಾಳುಗಳನ್ನು ಚಾಪೆಯ ಮೇಲೆ ಹರಡಿದರು. ಒಂದು ಹಿಡಿಯನ್ನು ಮಾತ್ರ ಬೇರೆ ಎತ್ತಿ ಕಾಗದದಲ್ಲಿ ಕಟ್ಟಿ ಮ್ವೆಂಡೆಯ ಕೈಗಿಟ್ಟರು.

"ಇಷ್ಟು ದೂರ ಹೊತ್ಕೊಂಡು ಬಂದವಳೆ. ಬರಿಗೈಲಿ ಕಳಿಸ್ತಾರಾ? ಈಗ ಹುಳ ಬೀಳಾಕಿಲ್ಲ ಅಂತ ಹೇಳವ್ವ."

ನಾನು ಹೇಳಿದೆ. ಮ್ವೆಂಡೆ ಪೊಟ್ಟಣವನ್ನು ನೋಡಿದಳು, ತನ್ನ ಕೆಂಪು ಬೆರಳುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು, ನಿಲ್ಲಿಸಲಾಗದಷ್ಟು.

"ಯಾಕ್ರವ್ವ ನಗ್ತೀರಿ?"

"ಏನಿಲ್ಲ ಅಕ್ಕ. ಒಂದು ಬಕೆಟ್ ನೀರು ಕೊಡ್ತೀರಾ?"

"ಈಗ ತಾನೇ ಕಟ್ಟಿದ್ದು ಕಣೇ! ತೊಳೀತೀಯಾ?"

"ಇದೊಂದು ಹಿಡಿ ಮಾತ್ರ."

ತೊಳೆದು, ಬಟ್ಟೆಯ ಮೇಲೆ ಆರಹಾಕಿ, ಅವರ ಒಲೆಯಿಂದಲೇ ಒಂದು ಚಿಟಿಕೆ ಬೂದಿ ಬೇಡಿ ಸವರಿದೆವು. ಗೌರಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದರು. ಜೀಪಿನಲ್ಲಿ ಕೂತು ಡೈರಿ ತೆಗೆದೆ. ಕೈಯಲ್ಲಿದ್ದ ಮಣ್ಣು ಹಾಳೆಗೆ ಹತ್ತಿತು, ಆ ಕಲೆ ಈಗಲೂ ಇದೆ. ಅದರ ಪಕ್ಕ ಬರೆದಿದ್ದೇನೆ:

"ಗೌರಮ್ಮ. ಅವರೆ. ಒಂದು ಹಿಡಿ. ಉಳಿದದ್ದು ಅವರ ಚಾಪೆಯ ಮೇಲಿದೆ. ಕಣ್ಣಾರೆ ನೋಡಿದೆ."